ಎಕ್ಸ್‌ಗೆ 1 ಹಾಕಿದರೆ ಸರಿಯಾಗೇ ಬರುತ್ತೆ, ಆದರೂ 3ಎಕ್ಸ್ + 5 ಅನ್ನೋದು 8ಎಕ್ಸ್ ಯಾಕಲ್ಲ?

ನಿಟ್ಟುವಳ್ಳಿ ಅಮ್ಮ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು, ಕನ್ನಡ ಮಾಧ್ಯಮ. ಬೀಜೋಕ್ತಿಗಳ ಪಾಠ, ಅಂದರೆ ಸಂಖ್ಯೆಯ ಜೊತೆ ಎಕ್ಸ್ ಥರದ ಅಕ್ಷರ ಸೇರಿಸಿ ಬರೆಯೋ ಲೆಕ್ಕ, ಶುರುವಾಗಿ ಎರಡು ವಾರ ಆಯಿತು. ನಾನು ಓದಿದ್ದು ಪಿಯುಸಿ ಕಾಮರ್ಸ್, ಗಣಿತದ ಪುಸ್ತಕ ಮುಚ್ಚಿಟ್ಟು ಹದಿನೆಂಟು ವರ್ಷ ಆಗಿದೆ. ಆದರೂ ದಿನಾ ಸಂಜೆ ಅವಳ ಜೊತೆ ಕೂರುತ್ತೇನೆ.

ನಿನ್ನೆ ಅವಳ ನೋಟ್‌ಬುಕ್ ನೋಡಿದೆ. ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ. ಕನ್ನಡ ಕೀಬೋರ್ಡ್ ಬಳಸುತ್ತಿದ್ದೇನೆ, ಅದಕ್ಕೆ ಎಕ್ಸ್ ಅಂತಲೇ ಟೈಪ್ ಮಾಡಿದ್ದೇನೆ.

3ಎಕ್ಸ್ + 5 = 8ಎಕ್ಸ್
7ಎಕ್ಸ್ − ಎಕ್ಸ್ = 7
8ಎಕ್ಸ್ − (3ಎಕ್ಸ್ − 4) = 5ಎಕ್ಸ್ − 4
2 + 3(ಎಕ್ಸ್ + 4) = 5(ಎಕ್ಸ್ + 4) = 5ಎಕ್ಸ್ + 20

ನಾಲ್ಕೂ ತಪ್ಪು ಅಂತ ನನಗೆ ಗೊತ್ತು. ಯಾಕೆ ತಪ್ಪು ಅಂತ ಹೇಳೋಕೆ ಬರಲಿಲ್ಲ. ಮೊದಲನೆಯದಕ್ಕೆ "ಸಜಾತಿ ಪದ ಮಾತ್ರ ಕೂಡಿಸಬೇಕು, ವಿಜಾತಿ ಪದ ಕೂಡಿಸಬಾರದು" ಅಂದೆ, ಅಂದರೆ ಎಕ್ಸ್ ಇರೋದನ್ನು ಎಕ್ಸ್ ಇರೋದಕ್ಕೆ, ಬರೀ ಸಂಖ್ಯೆಯನ್ನು ಬರೀ ಸಂಖ್ಯೆಗೆ ಮಾತ್ರ ಕೂಡಿಸಬೇಕು ಅಂತ. ಅದಕ್ಕೆ ಅವಳು, "ಅಮ್ಮ, ಎಕ್ಸ್ ಅಂದ್ರೆ ಯಾವ ಸಂಖ್ಯೆ ಬೇಕಾದ್ರೂ ಇರಬಹುದು ಅಂತ ಟೀಚರ್ ಹೇಳಿದಾರೆ. ನಾನು 1 ಹಾಕಿದೆ. 3 + 5 = 8. ಆ ಕಡೆನೂ 8. ಸರಿ ಬಂತಲ್ಲ?" ಅಂದಳು. ನಾನು ಸುಮ್ನಾದೆ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕೋಕೆ ಆಗಲಿಲ್ಲ.

"ರೂಲ್ ಹಾಗಿದೆ, ಬರ್ಕೋ" ಅಂತ ಹೇಳೋಕೆ ನನಗೆ ಇಷ್ಟ ಇಲ್ಲ. ನನಗೆ ಹಾಗೇ ಹೇಳಿ ಹೇಳಿಯೇ ಗಣಿತ ಬಿಟ್ಟು ಹೋದದ್ದು. ಬಲ್ಲವರು ದಯವಿಟ್ಟು ತಿಳಿಸಿ.

ಮಂಡಕ್ಕಿ ಅಂಗಡಿ (ದಾವಣಗೆರೆ)

ಅಕ್ಕಾ, ಇದು ತುಂಬಾ ಸುಲಭ. ನಾನು ಅಣ್ಣನ ಮಗನಿಗೆ ಹೇಳಿಕೊಟ್ಟ ರೀತಿ ಹೇಳುತ್ತೇನೆ. 3 ಪ್ಲೇಟ್ ಮಂಡಕ್ಕಿ, 5 ಮಿರ್ಚಿ ಇಟ್ಟರೆ 8 ಪ್ಲೇಟ್ ಮಂಡಕ್ಕಿ ಆಗುತ್ತಾ? ಇಲ್ಲ ಅಲ್ವಾ. ಮಂಡಕ್ಕಿ ಮಂಡಕ್ಕಿಗೆ, ಮಿರ್ಚಿ ಮಿರ್ಚಿಗೆ. ಅಷ್ಟೇ. ಹುಡುಗನಿಗೆ ಎರಡೇ ನಿಮಿಷದಲ್ಲಿ ತಲೆಗೆ ಹೋಯಿತು.

ದುರ್ಗದ ಮೇಷ್ಟ್ರು (ಚಿತ್ರದುರ್ಗ)

ತಾಯಿ, ಮೊದಲು ನಿಮ್ಮ ಮಗಳ ಬೆನ್ನು ತಟ್ಟಿ. ಬೆಲೆ ಹಾಕಿ ಪರೀಕ್ಷೆ ಮಾಡಬೇಕು ಅಂತ ಅವಳಿಗೆ ತಾನಾಗೇ ಹೊಳೆದಿದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಹೇಳಿಕೊಡದೆ ಹೀಗೆ ಪರೀಕ್ಷೆ ಮಾಡಿದ ಮಕ್ಕಳು ಬೆರಳೆಣಿಕೆ. ದಾರಿ ಸರಿ ಇದೆ, ಒಂದೇ ಹೆಜ್ಜೆಗೆ ನಿಂತುಬಿಟ್ಟಿದ್ದಾಳೆ.

ಸರಳೀಕರಿಸು ಅಂದರೆ ಏನು ಅನ್ನೋದನ್ನು ಮೊದಲು ಹೇಳಿ. ಬರೆದ ರೂಪ ಬದಲಾಗಬೇಕು, ಬೆಲೆ ಬದಲಾಗಬಾರದು. ಎಕ್ಸ್‌ಗೆ ಯಾವ ಸಂಖ್ಯೆ ಹಾಕಿದರೂ ಹಳೆಯದೂ ಹೊಸದೂ ಒಂದೇ ಬೆಲೆ ಕೊಡಬೇಕು. "ಯಾವ ಸಂಖ್ಯೆ ಹಾಕಿದರೂ" ಅನ್ನೋ ಮಾತಿಗೆ ಒತ್ತು ಕೊಡಿ. 1ಕ್ಕೆ ಸರಿ ಬಂದರೆ ಸಾಲದು, 2ಕ್ಕೂ ಬರಬೇಕು, 10ಕ್ಕೂ ಬರಬೇಕು. 2 ಹಾಕಿ ನೋಡಲಿ: ಈ ಕಡೆ 11, ಆ ಕಡೆ 16. ಒಂದು ಕಡೆ ತಪ್ಪಿದರೂ ಸಾಕು, ಎರಡೂ ಒಂದೇ ಅಲ್ಲ ಅಂತ ಗೊತ್ತಾಯಿತು.

ಹಾಗಾದರೆ 1ಕ್ಕೆ ಮಾತ್ರ ಯಾಕೆ ಸರಿ ಬಂತು? ಇದನ್ನು ಬಿಡಬೇಡಿ, ಮಗು ಕೇಳಿಯೇ ಕೇಳುತ್ತೆ. ಒಂದು ಪ್ಲೇಟ್ ಮಂಡಕ್ಕಿಗೆ ಎಕ್ಸ್ ರೂಪಾಯಿ ಅಂದುಕೊಳ್ಳಿ. 3 ಪ್ಲೇಟ್ ತಗೊಂಡು ಪಾರ್ಸೆಲ್ ಕವರ್‌ಗೆ ಅಂತ 5 ರೂಪಾಯಿ ಜಾಸ್ತಿ ಕೊಟ್ಟರೆ 3ಎಕ್ಸ್ + 5. 8ಎಕ್ಸ್ ಅಂದರೆ 8 ಪ್ಲೇಟ್ ಮಂಡಕ್ಕಿಯ ದುಡ್ಡು. ಈ ಎರಡು ಬಿಲ್ ಯಾವಾಗ ಒಂದೇ ಆಗುತ್ತವೆ? ಒಂದು ಪ್ಲೇಟ್ ಮಂಡಕ್ಕಿ ಒಂದೇ ರೂಪಾಯಿಗೆ ಸಿಕ್ಕಾಗ. ಆಗ ಆ 5 ರೂಪಾಯಿ 5 ಪ್ಲೇಟಿಗೆ ಸಮ. ರೇಟು ಎರಡು ರೂಪಾಯಿ ಆದ ತಕ್ಷಣ ಲೆಕ್ಕ ಕೆಡುತ್ತೆ.

ಮಕ್ಕಳು ಈ ತಪ್ಪು ಮಾಡೋದಕ್ಕೆ ನನಗೆ ಕಂಡ ಕಾರಣ ಒಂದಿದೆ. ಒಂದರಿಂದ ಐದನೇ ಕ್ಲಾಸಿನವರೆಗೆ ಉತ್ತರ ಅಂದರೆ ಒಂದು ಸಂಖ್ಯೆ. ಕೂಡಿಸು ಚಿಹ್ನೆ ಕಂಡರೆ ಕೂಡಿಸಿ ಮುಗಿಸಬೇಕು, ಚಿಹ್ನೆ ಉಳಿದಿದ್ದರೆ ಕೆಲಸ ಬಾಕಿ ಇದೆ ಅಂತ ಕೈಗೆ ರೂಢಿಯಾಗಿಬಿಟ್ಟಿದೆ. 3ಎಕ್ಸ್ + 5 ಅಂತ ನಿಲ್ಲಿಸಿದರೆ ಮಗುವಿಗೆ ಅರ್ಧಕ್ಕೆ ಬಿಟ್ಟ ಹಾಗೆ ಅನ್ನಿಸುತ್ತೆ. "ಇದೇ ಉತ್ತರ, ಇಲ್ಲಿಗೇ ನಿಲ್ಲಬಹುದು" ಅಂತ ಬಾಯಿಬಿಟ್ಟು ಹೇಳಬೇಕು. ಯಾರೂ ಹೇಳೋದಿಲ್ಲ.

ಇನ್ನೊಂದು, ಅಕ್ಕಪಕ್ಕ ಬರೆಯೋ ವಿಷಯ. 34 ಅಂತ ಬರೆದರೆ ಮೂವತ್ತು ಕೂಡಿಸು ನಾಲ್ಕು. ಮೂರೂವರೆಯನ್ನು 3½ ಅಂತ ಬರೆದರೂ ಮೂರು ಕೂಡಿಸು ಅರ್ಧ. 3ಎಕ್ಸ್ ಅಂತ ಬರೆದರೆ ಮಾತ್ರ ಅದು ಗುಣಾಕಾರ. ಇದನ್ನು ಬಿಡಿಸಿ ಹೇಳದಿದ್ದರೆ ಎಕ್ಸ್‌ಗೆ 5 ಹಾಕು ಅಂದಾಗ 35 ಅಂತ ಬರೆಯುತ್ತಾರೆ. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ನಾಲ್ಕೈದು ಮಕ್ಕಳು ಬರೆದಿದ್ದಾರೆ.

7ಎಕ್ಸ್ − ಎಕ್ಸ್ = 7 ಬಂದದ್ದು ಎಕ್ಸ್ ಅನ್ನೋ ಅಕ್ಷರವನ್ನೇ ತೆಗೆದುಹಾಕಿದ್ದರಿಂದ. ಬರೀ ಎಕ್ಸ್ ಅಂದರೆ 1ಎಕ್ಸ್. 7 ಪ್ಲೇಟಿನ ದುಡ್ಡಲ್ಲಿ 1 ಪ್ಲೇಟಿನ ದುಡ್ಡು ಕಳೆದರೆ ಉಳಿಯೋದು 6 ಪ್ಲೇಟಿನ ದುಡ್ಡು. ಕೆಲವು ದಿನ ಆ 1ನ್ನು ಬರೆಸಿಯೇ ಲೆಕ್ಕ ಮಾಡಿಸಿ.

ಮಂಡಕ್ಕಿ ಅಂಗಡಿ

ಮೇಷ್ಟ್ರೇ, ನೀವು ನನ್ನ ಮಂಡಕ್ಕಿಯನ್ನೇ ತಗೊಂಡು ರೇಟಿಗೆ ಹೋದಿರಿ. ನಾನು ಹೇಳಿದ್ದರಲ್ಲಿ ಏನು ತಪ್ಪಿದೆ ಅಂತ ಗೊತ್ತಾಗಲಿಲ್ಲ. ಬೇಜಾರಿಲ್ಲ, ತಿಳ್ಕೊಳ್ಳೋಣ ಅಂತ ಕೇಳುತ್ತಿದ್ದೇನೆ. ಅಣ್ಣನ ಮಗನಿಗಂತೂ ಅರ್ಥ ಆಯಿತಲ್ಲ?

ದುರ್ಗದ ಮೇಷ್ಟ್ರು

ಕೇಳಿದ್ದು ಒಳ್ಳೆಯದಾಯಿತು. ನಾನೂ ಮೊದಲ ಹತ್ತು ವರ್ಷ ಮಾವಿನಹಣ್ಣು, ಬಾಳೆಹಣ್ಣು ಅಂತಲೇ ಪಾಠ ಮಾಡಿದವನು. ಕೂಡಿಸುವವರೆಗೆ, ಕಳೆಯುವವರೆಗೆ ಅದು ಚೆನ್ನಾಗಿ ನಡೆಯುತ್ತೆ. ಆಮೇಲೆ ಗುಣಾಕಾರ ಬರುತ್ತೆ. 3ಎಕ್ಸ್ ಅನ್ನು 2ಎಕ್ಸ್‌ನಿಂದ ಗುಣಿಸಿದರೆ 6ಎಕ್ಸ್². ಈಗ 3 ಪ್ಲೇಟ್ ಮಂಡಕ್ಕಿಯನ್ನು 2 ಪ್ಲೇಟ್ ಮಂಡಕ್ಕಿಯಿಂದ ಗುಣಿಸಿದರೆ ಏನಾಗುತ್ತೆ ಅಂತ ಮಗು ಕೇಳಿದರೆ ಹೇಳೋಕೆ ಏನೂ ಇಲ್ಲ. ಮಂಡಕ್ಕಿಯ ವರ್ಗ ಅಂತ ಒಂದಿಲ್ಲ.

ಅಕ್ಷರ ನಿಂತಿರೋದು ವಸ್ತುವಿನ ಬದಲಿಗಲ್ಲ, ಸಂಖ್ಯೆಯ ಬದಲಿಗೆ. ಮ ಅಂದರೆ ಮಂಡಕ್ಕಿ ಅಲ್ಲ, ಮಂಡಕ್ಕಿಯ ರೇಟು, ಅಥವಾ ಎಷ್ಟು ಪ್ಲೇಟ್ ಅನ್ನೋ ಲೆಕ್ಕ. ಮೊದಲ ದಿನದಿಂದಲೇ ಹೀಗೆ ಹೇಳಿದರೆ ಎಂಟನೇ ಕ್ಲಾಸಿನಲ್ಲಿ ಕಲಿತದ್ದನ್ನು ಮರೆಸಿ ಮತ್ತೆ ಕಲಿಸೋ ಕಷ್ಟ ತಪ್ಪುತ್ತೆ. ಮಂಡಕ್ಕಿ ಇರಲಿ, ರೇಟು ಸೇರಿಸಿ ಅಂತ ಅಷ್ಟೇ ನನ್ನ ಮಾತು.

ಹರಿಹರದ ಬಿಎಸ್ಸಿ

ಅಮ್ಮ, ನಾನು ಬಿಎಸ್ಸಿ ಎರಡನೇ ವರ್ಷ, ಗಣಿತ ನನ್ನ ವಿಷಯ. ಸಂಜೆ ಹೊತ್ತು ಪಕ್ಕದ ಮನೆ ಮಕ್ಕಳಿಗೆ ಹೇಳಿಕೊಡುತ್ತೇನೆ. ಪರೀಕ್ಷೆ ಮಾಡೋಕೆ ಯಾವ ಸಂಖ್ಯೆ ಹಾಕಬೇಕು ಅನ್ನೋದು ಸಣ್ಣ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

0, 1, 2 ಈ ಮೂರನ್ನು ನಂಬಬೇಡಿ. 3ಎಕ್ಸ್ + 2ಎಕ್ಸ್ = 5ಎಕ್ಸ್² ಅಂತ ತಪ್ಪು ಬರೆದರೂ 1 ಹಾಕಿದರೆ ಎರಡೂ ಕಡೆ 5. ಎಕ್ಸ್ × ಎಕ್ಸ್ = 2ಎಕ್ಸ್ ಅಂತ ಬರೆದರೆ 2 ಹಾಕಿದಾಗ ಎರಡೂ ಕಡೆ 4, ಸೊನ್ನೆ ಹಾಕಿದರೂ ಸರಿ. ತಪ್ಪನ್ನು ಮುಚ್ಚಿಡೋ ಸಂಖ್ಯೆಗಳು ಇವು.

ನಾನು 10 ಹಾಕಿಸುತ್ತೇನೆ. ಲೆಕ್ಕ ಬಾಯಲ್ಲೇ ಆಗುತ್ತೆ. ಅದರ ಜೊತೆಗೆ ಇನ್ನೊಂದು ಲಾಭ ಇದೆ. 3ಎಕ್ಸ್ + 5ಕ್ಕೆ 10 ಹಾಕಿದರೆ 35. ಅಂದರೆ 3 ಹತ್ತು, 5 ಬಿಡಿ. 8ಎಕ್ಸ್ ಅಂದರೆ 80, 8 ಹತ್ತು. ಮೂವತ್ತೈದು ಎಂಬತ್ತಾಗುತ್ತಾ ಅಂತ ಕೇಳಿದರೆ ಎರಡನೇ ಕ್ಲಾಸಿನ ಮಗುವೂ ಇಲ್ಲ ಅನ್ನುತ್ತೆ. ಬಿಡಿಯನ್ನು ಬಿಡಿಗೆ, ಹತ್ತನ್ನು ಹತ್ತಿಗೆ ಕೂಡಿಸಬೇಕು ಅನ್ನೋದು ಮಕ್ಕಳಿಗೆ ಚಿಕ್ಕವರಿದ್ದಾಗಿನಿಂದ ಗೊತ್ತು. (3ಎಕ್ಸ್ + 5) + (4ಎಕ್ಸ್ + 2) = 7ಎಕ್ಸ್ + 7, ಪಕ್ಕದಲ್ಲೇ 35 + 42 = 77 ಅಂತ ಬರೆಸಿ. ಸಜಾತಿ ಪದ ಕೂಡಿಸೋದು ಅವರು ಆಗಲೇ ಮಾಡುತ್ತಿದ್ದ ಕೆಲಸ. ಒಂದೇ ವ್ಯತ್ಯಾಸ, ಬೀಜಗಣಿತದಲ್ಲಿ ದಶಕ ಹೋಗೋದಿಲ್ಲ. 7ಎಕ್ಸ್ + 15 ಬಂದರೆ ಹಾಗೇ ಇರುತ್ತೆ, 15ರಿಂದ ಒಂದು ಎಕ್ಸ್ ಮೇಲಕ್ಕೆ ಕೊಡೋಕೆ ಆಗಲ್ಲ, ಯಾಕೆಂದರೆ ಎಕ್ಸ್ ಹತ್ತೇ ಇರಬೇಕು ಅಂತಿಲ್ಲ.

ನಿಮ್ಮ ಮಗಳ ಪ್ರಶ್ನೆಗೆ ಇನ್ನೊಂದು ಚಿತ್ರ. ಒಬ್ಬರು ದಾವಣಗೆರೆಯಿಂದ 5 ಕಿಲೋಮೀಟರ್ ಮುಂದೆ ನಿಂತಿದ್ದಾರೆ, ಅಲ್ಲಿಂದ ದುರ್ಗದ ಕಡೆಗೆ ಗಂಟೆಗೆ 3 ಕಿಲೋಮೀಟರ್ ನಡೆಯುತ್ತಾರೆ. ಇನ್ನೊಬ್ಬರು ದಾವಣಗೆರೆಯಿಂದಲೇ ಸೈಕಲ್ಲಿನಲ್ಲಿ ಗಂಟೆಗೆ 8 ಕಿಲೋಮೀಟರ್ ಹೋಗುತ್ತಾರೆ. ಎಕ್ಸ್ ಗಂಟೆ ಆದಮೇಲೆ ಮೊದಲನೆಯವರು 3ಎಕ್ಸ್ + 5ರಲ್ಲಿ, ಎರಡನೆಯವರು 8ಎಕ್ಸ್‌ನಲ್ಲಿ. ಸರಿಯಾಗಿ ಒಂದು ಗಂಟೆಗೆ ಇಬ್ಬರೂ 8ನೇ ಕಿಲೋಮೀಟರ್ ಕಲ್ಲಿನ ಹತ್ತಿರ ಸಿಗುತ್ತಾರೆ. ಆಮೇಲೆ ಸೈಕಲ್ ಮುಂದೆ ಹೋಗಿಬಿಡುತ್ತೆ, ಮತ್ತೆ ಸಿಗೋದೇ ಇಲ್ಲ. ಒಮ್ಮೆ ಸಿಕ್ಕರು ಅಂತ ಇಬ್ಬರೂ ಒಬ್ಬರೇ ಅಲ್ಲ ಅಲ್ವಾ.

ಇದರಿಂದಲೇ ಇನ್ನೊಂದು ಗಟ್ಟಿ ಮಾತು ಸಿಗುತ್ತೆ. ವರ್ಗ ಇಲ್ಲದ, ಬರೀ ಎಕ್ಸ್ ಇರೋ ಎರಡು ಬೀಜೋಕ್ತಿಗಳು ಎರಡು ಬೇರೆ ಬೇರೆ ಬೆಲೆಗೆ ಸರಿಹೊಂದಿದರೆ ಅವು ಎಲ್ಲ ಬೆಲೆಗೂ ಸರಿಹೊಂದುತ್ತವೆ. ಎಕ್ಸ್² ಇದ್ದರೆ ಮೂರು ಬೆಲೆ ಬೇಕು. ಹಾಗಾಗಿ ಏಳನೇ ಕ್ಲಾಸಿನ ಇಂಥ ಲೆಕ್ಕಕ್ಕೆ 10 ಒಂದು ಸಲ, 3 ಒಂದು ಸಲ ಹಾಕಿದರೆ ಸಾಕು.

ನಿಟ್ಟುವಳ್ಳಿ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಜೆ ಮಗಳ ಜೊತೆ ಕೂತು ಓದಿದೆ. 35 ಮತ್ತು 80 ನೋಡಿದ ತಕ್ಷಣ ಅವಳ ಮುಖ ಬದಲಾಯಿತು. ಸೈಕಲ್ ಚಿತ್ರ ತಾನೇ ಬರೆದಳು, ಗೆರೆ ಎಳೆದು ಗಂಟೆ ಗಂಟೆಗೂ ಚುಕ್ಕೆ ಇಟ್ಟಳು. ನನಗೂ ಇಷ್ಟು ವರ್ಷಕ್ಕೆ ಒಂದು ಬಾಗಿಲು ತೆರೆದ ಹಾಗಾಯಿತು.

2 + 3(ಎಕ್ಸ್ + 4) ಅನ್ನೋದಕ್ಕೂ 10 ಹಾಕಿದೆವು. 3 × 14 = 42, ಅದಕ್ಕೆ 2 ಸೇರಿದರೆ 44. ಅವಳ ಉತ್ತರಕ್ಕೆ ಹಾಕಿದರೆ 70. ಎಲ್ಲಿ ಜಾಸ್ತಿ ಆಯಿತು ಅಂತ ಅವಳೇ ಹುಡುಕಿದಳು. ಆ 3 ಆವರಣಕ್ಕೆ ಅಂಟಿಕೊಂಡಿದೆ, ಅದನ್ನು ಕಿತ್ತು 2ಕ್ಕೆ ಕೂಡಿಸಬಾರದಿತ್ತು ಅಂದಳು. 3ಎಕ್ಸ್ + 12 + 2 = 3ಎಕ್ಸ್ + 14. ಮತ್ತೆ 10 ಹಾಕಿದರೆ 44!

ಆದರೆ 8ಎಕ್ಸ್ − (3ಎಕ್ಸ್ − 4) ಇನ್ನೂ ಕಾಡುತ್ತಿದೆ. ಬೆಲೆ ಹಾಕಿದರೆ 5ಎಕ್ಸ್ + 4 ಸರಿ ಅಂತ ಗೊತ್ತಾಗುತ್ತೆ, 80 − 26 = 54. ಯಾಕೆ + 4 ಅನ್ನೋದು ಅವಳಿಗೆ ಹೊಳೆದಿಲ್ಲ. ಟ್ಯೂಷನ್ನಿನಲ್ಲಿ "ಮೈನಸ್ ಮೈನಸ್ ಪ್ಲಸ್, ಬಾಯಿಪಾಠ ಮಾಡ್ಕೋ" ಅಂದರಂತೆ.

ಎಪಿಎಂಸಿ ತೂಕದವನು (ದಾವಣಗೆರೆ)

ಅಕ್ಕಾ, ನಾನು ಎಸ್ಸೆಸ್ಸೆಲ್ಸಿ ಅಷ್ಟೇ. ಮೆಕ್ಕೆಜೋಳದ ಮಾರುಕಟ್ಟೆಯಲ್ಲಿ ತೂಕದ ಕೆಲಸ. ಆವರಣ ಅನ್ನೋದನ್ನು ನಾನು ದಿನಾ ಮಾಡುತ್ತೇನೆ, ಹೆಸರು ಮಾತ್ರ ಈಗ ಗೊತ್ತಾಯಿತು.

ಚೀಲ ಸಮೇತ ಒಂದೊಂದು ಎಕ್ಸ್ ಕೆಜಿ, ಅಂಥ 5 ಚೀಲ. ಖಾಲಿ ಚೀಲದ ತೂಕ ಲೆಕ್ಕಕ್ಕೆ 1 ಕೆಜಿ ಅಂದುಕೊಳ್ಳಿ. ಕಾಳಿನ ತೂಕ 5(ಎಕ್ಸ್ − 1). ಬಿಡಿಸಿದರೆ 5ಎಕ್ಸ್ − 5. ಹುಡುಗರು 5ಎಕ್ಸ್ − 1 ಅಂತ ಬರೆದರೆ ಅರ್ಥ ಏನು? ಒಂದೇ ಚೀಲದ ತೂಕ ಕಳೆದರು, ನಾಲ್ಕು ಖಾಲಿ ಚೀಲವನ್ನು ಕಾಳು ಅಂತ ತೂಗಿದರು. ಚೀಲ 60 ಕೆಜಿ ಇದ್ದರೆ 295 ಆಗಬೇಕಾದದ್ದು 299 ಆಗುತ್ತೆ. ಹೊರಗಿನ 5 ಒಳಗಿನ ಎರಡಕ್ಕೂ ತಗುಲಬೇಕು ಅನ್ನೋದು ಇದಕ್ಕೇ.

ಇನ್ನು ಮೈನಸ್ ಆವರಣ. 500ರ ನೋಟು ಕೊಟ್ಟಿದ್ದೀರಿ. ಸಾಮಾನಿನ ರೇಟು ಎಕ್ಸ್, ಅದರಲ್ಲಿ 20 ರೂಪಾಯಿ ಬಿಟ್ಟುಕೊಟ್ಟರು. ನಿಮಗೆ ವಾಪಸ್ ಬರಬೇಕಾದ್ದು 500 − (ಎಕ್ಸ್ − 20). ಎಕ್ಸ್ 300 ಇರಲಿ. ನೀವು ಕೊಡಬೇಕಾದ್ದು 280, ವಾಪಸ್ 220. ಈಗ ಮಗಳ ಥರ 500 − ಎಕ್ಸ್ − 20 ಮಾಡಿದರೆ 180 ಬರುತ್ತೆ. 40 ರೂಪಾಯಿ ಹೋಯಿತು. ಅಂಗಡಿಯವರು ಬಿಟ್ಟುಕೊಟ್ಟ 20 ನಿಮ್ಮ ಕೈಗೆ ಬರಬೇಕಲ್ವಾ, ಅದಕ್ಕೇ ಅದು + 20. ಇಲ್ಲಿ ಮೈನಸ್ ಮೈನಸ್ ಅಂತ ಮಂತ್ರ ಹೇಳಬೇಕಾದ್ದೇ ಇಲ್ಲ.

ದುರ್ಗದ ಮೇಷ್ಟ್ರು

ತಮ್ಮಾ, ಇಷ್ಟು ಚೆನ್ನಾಗಿ ನಾನು ಕ್ಲಾಸಿನಲ್ಲಿ ಹೇಳಿಲ್ಲ. ಇದನ್ನೇ 8ಎಕ್ಸ್ − (3ಎಕ್ಸ್ − 4)ಕ್ಕೆ ಹಚ್ಚಿ ನೋಡಿ ತಾಯಿ. ತೆಗೆಯಬೇಕಾದ್ದು 3ಎಕ್ಸ್‌ಗಿಂತ 4 ಕಡಿಮೆ. ನಾವು ಪೂರ್ತಿ 3ಎಕ್ಸ್ ತೆಗೆದುಬಿಟ್ಟೆವು. 4 ಜಾಸ್ತಿ ಹೋಯಿತು, ವಾಪಸ್ ಹಾಕಬೇಕು. ಅದೇ + 4.

ಹೊಳಲ್ಕೆರೆ ಅಪ್ಪ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಕಥೆ ಹೇಳುತ್ತಾ ಕೂತರೆ ಪರೀಕ್ಷೆಯಲ್ಲಿ ಸಮಯ ಎಲ್ಲಿದೆ? ನನ್ನ ಮಗ ಹತ್ತನೇ ಕ್ಲಾಸು. ನಿಯಮ ಬಾಯಿಪಾಠ, ದಿನಾ ಇಪ್ಪತ್ತು ಲೆಕ್ಕ. ಕೈ ಓಡಬೇಕು. ಪ್ರತಿ ಸಲ ಚೀಲ, ನೋಟು ಅಂತ ಯೋಚಿಸೋಕೆ ಆಗುತ್ತಾ? ನಾವೆಲ್ಲ ಹಾಗೇ ಕಲಿತಿದ್ದು, ಪಾಸೂ ಆದೆವು.

ದುರ್ಗದ ಮೇಷ್ಟ್ರು

ದಿನಾ ಇಪ್ಪತ್ತು ಲೆಕ್ಕ ಅನ್ನೋದನ್ನು ನಾನು ಪೂರ್ತಿ ಒಪ್ಪುತ್ತೇನೆ ಸ್ವಾಮಿ. ಅಭ್ಯಾಸ ಇಲ್ಲದೆ ಯಾರಿಗೂ ಬಂದಿಲ್ಲ. ಕೈ ಓಡಲೇಬೇಕು.

ಆದರೆ ಅರ್ಧ ಬಾಯಿಪಾಠ ಮಾಡಿದ ನಿಯಮ ಎಲ್ಲೆಲ್ಲೋ ಹೋಗಿ ಕೂರುತ್ತೆ. ಮೈನಸ್ ಮೈನಸ್ ಪ್ಲಸ್ ಅಂತ ಕಲಿತ ಮಗು −3 − 4 ಕಂಡರೆ + 7 ಅಂತ ಬರೆಯುತ್ತೆ. ಎರಡು ಮೈನಸ್ ಕಂಡಿತು, ಪ್ಲಸ್ ಮಾಡಿತು. ಅದು −7. ಆ ಮಾತು ಗುಣಾಕಾರಕ್ಕೆ, ಮತ್ತು ಕಳೆಯಬೇಕಾದ ಸಂಖ್ಯೆಯೇ ಋಣವಾಗಿದ್ದಾಗ. ಮೂರು ರೂಪಾಯಿ ಸಾಲದ ಮೇಲೆ ಇನ್ನೂ ನಾಲ್ಕು ರೂಪಾಯಿ ಸಾಲ ಮಾಡಿದರೆ ಏಳು ರೂಪಾಯಿ ಲಾಭ ಆಗೋದಿಲ್ಲ. ಹತ್ತನೇ ಕ್ಲಾಸಿನ ಉತ್ತರ ಪತ್ರಿಕೆಗಳಲ್ಲಿ ಸೂತ್ರ ಸರಿಯಾಗಿ ಬರೆದು, ಬೆಲೆ ಹಾಕಿ, ಕೊನೆಯ ಎರಡು ಸಾಲಿನಲ್ಲಿ ಚಿಹ್ನೆ ತಪ್ಪಿ ಅಂಕ ಕಳೆದುಕೊಂಡ ಮಕ್ಕಳನ್ನು ಕಂಡು ಸಂಕಟ ಪಟ್ಟಿದ್ದೇನೆ. ಮೂಲ ಹುಡುಕಿದರೆ ಏಳನೇ ಕ್ಲಾಸಿಗೇ ಹೋಗುತ್ತೆ.

ಚೀಲ, ನೋಟು ಪ್ರತಿ ಸಲ ಬೇಡ. ಮೊದಲ ಹತ್ತು ಲೆಕ್ಕಕ್ಕೆ ಸಾಕು. ಆಮೇಲೆ ಕೈ ಓಡಲಿ. ಅನುಮಾನ ಬಂದಾಗ ವಾಪಸ್ ಹೋಗೋಕೆ ಒಂದು ಜಾಗ ಇರುತ್ತೆ.

ಹೊಳಲ್ಕೆರೆ ಅಪ್ಪ

−3 − 4 ಈಗಷ್ಟೇ ಮಗನಿಗೆ ಕೇಳಿದೆ. 7 ಅಂದ. ನೀವು ಹೇಳಿದ್ದು ನಿಜ ಮೇಷ್ಟ್ರೇ. ಇವತ್ತು ರಾತ್ರಿ ಸಾಲದ ಲೆಕ್ಕ ಹೇಳಿ ಕೂರಿಸುತ್ತೇನೆ.

ಇನ್ನೊಂದು ಕೇಳಿಬಿಡುತ್ತೇನೆ. ಅವನು (3ಎಕ್ಸ್ + 6) ÷ 3 ಅಂದರೆ 3ಕ್ಕೆ 3 ಹೊಡೆದುಹಾಕಿ ಎಕ್ಸ್ + 6 ಅಂತಾನೆ.

ಎಪಿಎಂಸಿ ತೂಕದವನು

ಅಣ್ಣಾ, 3 ಜನ ಹಮಾಲರಿಗೆ 3ಎಕ್ಸ್ + 6 ರೂಪಾಯಿ ಹಂಚಬೇಕು. ತಲಾ ಎಕ್ಸ್ ಕೊಟ್ಟಿರಿ, ಉಳಿದ 6ನ್ನೂ ಹಂಚಬೇಕಲ್ಲ, ತಲಾ 2. ಎಕ್ಸ್ + 2. ಅವನ ಉತ್ತರದ ಪ್ರಕಾರ ಪ್ರತಿಯೊಬ್ಬರಿಗೂ ಆರಾರು ರೂಪಾಯಿ ಕೊಡಬೇಕು, ಅಷ್ಟು ದುಡ್ಡು ಇಲ್ಲವೇ ಇಲ್ಲ.

ಕನ್ನಡ ಉಪನ್ಯಾಸಕಿ (ಚಿತ್ರದುರ್ಗ)

ನಾನು ಗಣಿತದವಳಲ್ಲ, ಆದರೆ ಸಜಾತಿ ಅನ್ನೋ ಪದ ನೋಡಿ ಬರೆಯಬೇಕು ಅನ್ನಿಸಿತು. ನನ್ನ ತಂಗಿಯ ಮಗ ಈ ಪಾಠದ ದಿನ ಮನೆಗೆ ಬಂದು "ಲೆಕ್ಕದಲ್ಲೂ ಜಾತಿ ಇದೆಯಾ?" ಅಂತ ಕೇಳಿದ. ಮಗುವಿನ ಪ್ರಶ್ನೆ ನ್ಯಾಯವಾದದ್ದು. ಇಲ್ಲಿ ಜಾತಿ ಅಂದರೆ ಬಗೆ. ಒಂದೇ ಬಗೆಯ ಪದ, ಬೇರೆ ಬಗೆಯ ಪದ ಅಂತ ಹೇಳಿದರೆ ಎಲ್ಲ ಮಕ್ಕಳಿಗೂ ತಿಳಿಯುತ್ತೆ. ಪರೀಕ್ಷೆಗೆ ಬೇಕು ಅಂತ ಸಜಾತಿ ಪದವನ್ನೂ ಹೇಳಿಕೊಡೋಣ.

ಈ ಮಾತು ಹಳೆಯದು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ಬೀಜಗಣಿತದ ಬಗ್ಗೆ ಬರೆದಾಗ ಇದೇ ನಿಯಮ ಹೇಳಿದ್ದಾನೆ: ಒಂದೇ ಜಾತಿಯವನ್ನು ಕೂಡಿಸು, ಕಳೆ, ಬೇರೆ ಜಾತಿಯವು ಬೇರೆಬೇರೆಯಾಗೇ ಇರಲಿ. ಆಗ ಎಕ್ಸ್ ಇರಲಿಲ್ಲ. ಮೊದಲ ಗೊತ್ತಿಲ್ಲದ ಸಂಖ್ಯೆಗೆ ಯಾವತ್‌ತಾವತ್, ಎಷ್ಟೋ ಅಷ್ಟು ಅಂತ ಅರ್ಥ. ಚಿಕ್ಕದಾಗಿ ಯಾ. ಮುಂದಿನವಕ್ಕೆ ಬಣ್ಣದ ಹೆಸರು: ಕಾಲಕ ಅಂದರೆ ಕಪ್ಪು, ನೀಲಕ ಅಂದರೆ ನೀಲಿ, ಪೀತಕ ಅಂದರೆ ಹಳದಿ. ಬರೀ ಸಂಖ್ಯೆಗೆ ರೂಪ, ಚಿಕ್ಕದಾಗಿ ರೂ. ನಿಮ್ಮ 3ಎಕ್ಸ್ + 5 ಆ ಕಾಲದ ಬರಹದಲ್ಲಿ "ಯಾ 3 ರೂ 5" ಆಗುತ್ತಿತ್ತು. ಆ ರೂ ರೂಪಾಯಿ ಅಲ್ಲ, ಆದರೆ ಮೇಷ್ಟ್ರ ಮಂಡಕ್ಕಿ ಬಿಲ್ಲಿಗೆ ಎಷ್ಟು ಹೊಂದುತ್ತೆ ನೋಡಿ. ಪ್ರತಿ ಪದಕ್ಕೂ ಅದು ಯಾವ ಬಗೆ ಅಂತ ಹೆಸರು ಅಂಟಿಸಿಯೇ ಬರೆಯುತ್ತಿದ್ದರು, 3 ಮತ್ತು 5 ಸೇರಿ 8 ಆಗೋ ಪ್ರಶ್ನೆಯೇ ಬರುತ್ತಿರಲಿಲ್ಲ. ಎಕ್ಸ್, ವೈ, ಝಡ್ ಅನ್ನೋ ಅಕ್ಷರಗಳು ಗೊತ್ತಿಲ್ಲದ ಸಂಖ್ಯೆಗೆ ನಿಂತದ್ದು ಫ್ರಾನ್ಸಿನ ಡೆಕಾರ್ಟ್ 1637ರಲ್ಲಿ ಹಾಗೆ ಬಳಸಿದ ಮೇಲೆ.

ಹರಿಹರದ ಬಿಎಸ್ಸಿ

ಮೇಡಂ, ಬಣ್ಣದ ವಿಷಯ ನಾಳೆಯಿಂದಲೇ ಬಳಸುತ್ತೇನೆ. ಪದಗಳು ಜಾಸ್ತಿ ಇದ್ದಾಗ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿಸಬಹುದು. 5ಎಕ್ಸ್ − 3ವೈ + 2ಎಕ್ಸ್ − 4 + ವೈ ತಗೊಳ್ಳಿ. ಎಕ್ಸ್ ಇರೋದಕ್ಕೆ ಕೆಂಪು, ವೈ ಇರೋದಕ್ಕೆ ನೀಲಿ. ಒಂದು ಎಚ್ಚರಿಕೆ ಬೇಕು, ಗುರುತು ಹಾಕುವಾಗ ಪದದ ಎಡಗಡೆ ಇರೋ ಚಿಹ್ನೆಯನ್ನೂ ಸೇರಿಸಿ ಸುತ್ತಬೇಕು. ಪದ ಎಲ್ಲಿಗೆ ಹೋದರೂ ಅದರ ಚಿಹ್ನೆ ಜೊತೆಗೇ ಹೋಗುತ್ತೆ. −3ವೈ ಮತ್ತು +ವೈ ಸೇರಿದರೆ −2ವೈ. ಉತ್ತರ 7ಎಕ್ಸ್ − 2ವೈ − 4. ಎಕ್ಸ್‌ಗೆ 10, ವೈಗೆ 3 ಹಾಕಿ: ಮೇಲಿನದೂ 60, ಕೆಳಗಿನದೂ 60.

ಹೊಳಲ್ಕೆರೆ ಅಣ್ಣ, ನಿಮ್ಮ ಮಗ ಹತ್ತನೇ ಕ್ಲಾಸು ಅಂದಿರಿ, (ಎಕ್ಸ್ + 3)² ಎಷ್ಟು ಅಂತಲೂ ಕೇಳಿ ನೋಡಿ. ಎಕ್ಸ್² + 9 ಅಂದರೆ 10 ಹಾಕಿಸಿ. 13ರ ವರ್ಗ 169, ಅವನದು 109. ಆ 60 ಎಲ್ಲಿ ಹೋಯಿತು? 6ಎಕ್ಸ್ ಬಿಟ್ಟುಹೋಗಿದೆ. ಎಕ್ಸ್² + 6ಎಕ್ಸ್ + 9, ಅಂದರೆ 1, 6, 9. ಒಂದೊಂದು ಅಂಕಿಯೂ ಅಲ್ಲೇ ಕೂತಿದೆ.

ಹಿರಿಯೂರು ಮೇಸ್ತ್ರಿ

ಆ 6ಎಕ್ಸ್ ನನಗೆ ಸೈಟಲ್ಲಿ ಕಾಣುತ್ತೆ. ಎಕ್ಸ್ ಅಡಿ ಚೌಕದ ಜಾಗ ಇದೆ. ಅಕ್ಕಪಕ್ಕದ ಎರಡು ಕಡೆ 3 ಅಡಿ ಬೆಳೆಸಿದರೆ ಎರಡು ಉದ್ದನೆಯ ಪಟ್ಟಿ ಬರುತ್ತೆ, ಒಂದೊಂದು 3ಎಕ್ಸ್ ಚದರಡಿ. ಮೂಲೆಯಲ್ಲಿ 3 × 3ರ ಒಂದು ಚಿಕ್ಕ ಚೌಕ, 9 ಚದರಡಿ. ಎಕ್ಸ್² + 9 ಅಂದವರು ಮೂಲೆಗೆ ಟೈಲ್ಸ್ ಹಾಕಿ ಎರಡು ಪಟ್ಟಿಯನ್ನೂ ಮಣ್ಣಿನಲ್ಲೇ ಬಿಟ್ಟ ಹಾಗೆ. ಕಾಗದದ ಮೇಲೆ ಚಿತ್ರ ಬರೆಸಿ ಕೊಡಿ, ಮರೆಯೋದಿಲ್ಲ.

ನಿಟ್ಟುವಳ್ಳಿ ಅಮ್ಮ

ನಾಲ್ಕು ದಿನ ಆಯಿತು, ಬಂದು ಹೇಳಬೇಕು ಅಂದುಕೊಂಡಿದ್ದೆ. ನಿನ್ನೆ ಮಗಳ ನೋಟ್‌ಬುಕ್ಕಿನಲ್ಲಿ 3ಎಕ್ಸ್ + 5 = 8ಎಕ್ಸ್ ಅಂತ ಮತ್ತೆ ಕಂಡಿತು. ನನಗೆ ಗಾಬರಿ ಆಯಿತು. ಕೇಳಿದರೆ, "ಇದು ಸರಳೀಕರಣ ಅಲ್ಲ ಅಮ್ಮ, ಸಮೀಕರಣ. ಮಂಡಕ್ಕಿ ರೇಟು ಎಷ್ಟಿದ್ರೆ ಎರಡು ಬಿಲ್ಲೂ ಒಂದೇ ಆಗುತ್ತೆ ಅಂತ ಕೇಳೋ ಪ್ರಶ್ನೆ. ಉತ್ತರ ಎಕ್ಸ್ = 1. ನಾನು ಅವತ್ತು ಹೇಳಿದ್ದೆನಲ್ಲ" ಅಂದಳು. ಸಮೀಕರಣ ಅವರಿಗೆ ಈ ವಾರ ಶುರುವಾಗಿದೆ. ಅವಳ ಹಳೆಯ ತಪ್ಪಿಗೇ ಒಂದು ಸರಿಯಾದ ಜಾಗ ಸಿಕ್ಕಿದ್ದು ನೋಡಿ ನನಗೆ ಕಣ್ಣು ತುಂಬಿ ಬಂತು.

ಭಾನುವಾರ ಬೆಣ್ಣೆ ದೋಸೆ ತಿನ್ನೋಕೆ ಹೋಗಿದ್ದೆವು. ಅಲ್ಲೇ ಕೂತು ಒಂದು ಲೆಕ್ಕ ಮಾಡಿದ್ದಾಳೆ, ನಿಮಗೆಲ್ಲ ಕೊಡು ಅಂದಳು. ನಾವು 4 ಜನ. ತಲಾ 2 ದೋಸೆ, ಒಂದು ಕಾಫಿ ಅಂತ ಹೇಳಿದೆವು. ದೋಸೆಗೆ ಎಕ್ಸ್ ರೂಪಾಯಿ, ಕಾಫಿಗೆ 15. ಆಮೇಲೆ ತಮ್ಮ ಒಂದು ದೋಸೆ ಮತ್ತು ಕಾಫಿ ಬೇಡ ಅಂದ. ಬಿಲ್ 4(2ಎಕ್ಸ್ + 15) − (ಎಕ್ಸ್ + 15). ಸರಳೀಕರಿಸಿ, ಬೆಲೆ ಹಾಕಿ ತೋರಿಸಿ ಅಂತ ಹೇಳಿದ್ದಾಳೆ.

ಮಂಡಕ್ಕಿ ಅಂಗಡಿ

ಅಣ್ಣನ ಮಗ ಪಕ್ಕದಲ್ಲೇ ಇದ್ದ, ಇಬ್ಬರೂ ಸೇರಿ ಮಾಡಿದೆವು. 8ಎಕ್ಸ್ + 60 − ಎಕ್ಸ್ − 15. ತಮ್ಮನ ಕಾಫಿಯ 15 ಕೂಡ ಬಿಲ್ಲಿನಿಂದ ಹೋಗಬೇಕು, ಅದಕ್ಕೆ ಅದೂ ಮೈನಸ್ ಅಂತ ಅವನೇ ಹೇಳಿದ. 7ಎಕ್ಸ್ + 45. ಎಕ್ಸ್‌ಗೆ 10 ಹಾಕಿದೆವು: 140 − 25 = 115, ಈ ಕಡೆ 70 + 45 = 115. ಒಂದು ಸಾಲದು ಅಂತ 50ನ್ನೂ ಹಾಕಿದೆವು: 460 − 65 = 395, ಈ ಕಡೆ 350 + 45 = 395. ಸರಿ ಇದೆಯಾ ಅಂತ ಮಗಳಿಗೆ ತೋರಿಸಿ ಅಕ್ಕಾ.